ಕಾಣೆಯಾಗದವರ ಕತೆ

ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016), ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕ್ತಣಕರ್ ಅವರ ಮರಾಠಿ ಚಿತ್ರ ‘ಅಸ್ತು’. ಎರಡರಲ್ಲೂ ಮರೆವಿನ ಕಾಯಿಲೆಯ ಅಪ್ಪ ಕಾಣೆಯಾಗುತ್ತಾರೆ. ಒಂದರಲ್ಲಿ ಮಗ, ಇನ್ನೊಂದರಲ್ಲಿ ಮಗಳು ಊರೆಲ್ಲ ಹುಡುಕುತ್ತಾರೆ. ಕನ್ನಡ ಚಿತ್ರದ ಹೆಸರೇ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಭಾಷೆಯದ್ದು. ಒಂದೇ ವಾರದಲ್ಲಿ ಎರಡನ್ನೂ ಮತ್ತೆ ನೋಡಿದಾಗ ನನ್ನ ಅಜ್ಜಿ ನೆನಪಾದಳು. ಅವಳು ಒಂದು ದಿನವೂ ಕಾಣೆಯಾಗಲಿಲ್ಲ. ಐದು ವರ್ಷ ಅಮ್ಮ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಓಡಾಡಿದಳು.

ಕಾಣೆಯಾಗುವುದರಿಂದ ಕತೆಗೆ ಓಟ ಸಿಗುತ್ತದೆ. ‘ಗೋಧಿ ಬಣ್ಣ’ದ ವೆಂಕೋಬರಾಯರು ಆರೈಕೆ ಕೇಂದ್ರದಲ್ಲಿದ್ದವರು, ಮಗ ಶಿವನ ಅಜಾಗ್ರತೆಯಿಂದ ತಪ್ಪಿಸಿಕೊಂಡು ರೌಡಿ ರಂಗನ ಕೈಗೆ ಸಿಗುತ್ತಾರೆ. ಅನಂತನಾಗ್ ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ಕಣ್ಣು ಖಾಲಿಯಾಗುವ ಆ ಕ್ಷಣಗಳನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಆದರೆ ಇಲ್ಲಿ ಕಾಯಿಲೆಯ ಕೆಲಸ ಬೇರೆಯವರನ್ನು ತಿದ್ದುವುದು: ರೌಡಿ ಮೆತ್ತಗಾಗುತ್ತಾನೆ, ಮಗ ಮಗನಾಗುತ್ತಾನೆ. ವರ್ಷಗಟ್ಟಲೆ ದೂರವಿದ್ದವನ ಬಾಕಿ ಕೆಲವೇ ದಿನಗಳ ಅಲೆದಾಟದಲ್ಲಿ ಚುಕ್ತಾ. ನೋಡುತ್ತ ನಾನು ಅತ್ತೆ. ಪಕ್ಕದಲ್ಲಿದ್ದ ಅಮ್ಮ ಮಾತ್ರ, “ಇವತ್ತು ರಾತ್ರಿ ಇವರ ಹತ್ರ ಯಾರು ಮಲಗ್ತಾರೆ?” ಅಂದಳು.

ಆ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ವೈದ್ಯೆ ಸಹನಾ ಇದ್ದಾಳೆ, ನಿಜ. ಸ್ನಾನ ಮಾಡಿಸುವವರು, ಒದ್ದೆ ಹಾಸಿಗೆ ಬದಲಿಸುವವರು ಕತೆಗೆ ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಹೊತ್ತು ಮುಳುಗುತ್ತಿದ್ದಂತೆ ಅಜ್ಜಿ ಸೀರೆಗಳನ್ನು ಗಂಟು ಕಟ್ಟಿ, “ನನ್ನ ಮನೆಗೆ ಕಳಿಸಿ” ಎನ್ನುತ್ತಿದ್ದಳು. “ಇದೇ ನಿಮ್ಮ ಮನೆ ಅತ್ತೆ” ಎಂದು ಅಮ್ಮ ಮೊದಮೊದಲು ವಾದಿಸಿದಳು, ಜಗಳವಾಯಿತು. ಆಮೇಲೆ, “ಕಾಫಿ ಕುಡಿದು ಹೋಗೋಣ ಅತ್ತೆ” ಅನ್ನಲು ತಾನೇ ಕಲಿತಳು. ಕಾಫಿ ಮುಗಿಯುವಷ್ಟರಲ್ಲಿ ಹೋಗುವ ಮಾತು ಮರೆತಿರುತ್ತಿತ್ತು. ಬಳೆ ಕದ್ದಳೆಂದು ಅಜ್ಜಿ ಪಕ್ಕದ ಮನೆಯಲ್ಲಿ ದೂರಿದ್ದೂ ಇದೇ ಸೊಸೆಯ ಮೇಲೆ. ನೆಂಟರು ಒಂದು ಗಂಟೆ ಕೂತು, “ಚೆನ್ನಾಗೇ ಇದ್ದಾರಲ್ಲ, ವಯಸ್ಸಿನ ಅರಳುಮರಳು” ಎಂದು ಹೋಗುತ್ತಿದ್ದರು. ವೈದ್ಯರು ಅಜ್ಜಿಗೆ ಮಾತ್ರೆ ಬರೆದರು. ನೀವು ನಿದ್ದೆ ಮಾಡ್ತೀರಾ ಎಂದು ಅಮ್ಮನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹಾಸ್ಟೆಲಿನಲ್ಲಿ ಕೂತು ‘ಸ್ಮೃತಿ ಮತ್ತು ಕಥನ’ ಎಂಬ ಸೆಮಿನಾರ್ ಪ್ರಬಂಧ ಬರೆಯುತ್ತಿದ್ದೆ. ಶಿವನ ಮೇಲಿನ ನನ್ನ ಸಿಟ್ಟಿನಲ್ಲಿ ಇದರ ಪಾಲೂ ಇರಬಹುದು.

‘ಅಸ್ತು’ವಿನ ಚಕ್ರಪಾಣಿ ಶಾಸ್ತ್ರಿ ಸಂಸ್ಕೃತ ವಿದ್ವಾಂಸ. ಪಾತ್ರ ಮಾಡಿದ ಮೋಹನ್ ಅಗಾಶೆ ಸ್ವತಃ ಮನೋವೈದ್ಯರು. ಆನೆಯೊಂದರ ಹಿಂದೆ ಹೊರಟ ಶಾಸ್ತ್ರಿಗಳು ಮಾವುತನ ಹೆಂಡತಿ, ಕನ್ನಡದ ಹೆಣ್ಣುಮಗಳು ಚೆನ್ನಮ್ಮನ ಆಸರೆಗೆ ಬೀಳುತ್ತಾರೆ. ಅವಳನ್ನೇ ತಾಯಿ ಎನ್ನುತ್ತಾರೆ. ಅವಳಿಗೆ ಈ ಮುದುಕ ಮೊದಲು ಏನಾಗಿದ್ದ ಎಂಬುದು ಗೊತ್ತಿಲ್ಲ, ಆದ್ದರಿಂದ ಕಳೆದುಕೊಂಡದ್ದೇನೂ ಇಲ್ಲ. ಎದುರಿಗೆ ಕೂತ ಮಗುವಿಗೆ ಉಣ್ಣಿಸುತ್ತಾಳೆ, ಅಷ್ಟೇ. ಮಗಳು ಇರಾಗೆ ಅದು ಸಾಧ್ಯವಿಲ್ಲ. ಅವಳ ಕಣ್ಣಿಗೆ ಪ್ರತಿ ತುತ್ತಿನಲ್ಲೂ ಹಳೆಯ ಅಪ್ಪ ಅಡ್ಡ ಬರುತ್ತಾನೆ. ಈ ವ್ಯತ್ಯಾಸ ಕಂಡಿದ್ದರಿಂದಲೇ ‘ಅಸ್ತು’ ನನಗೆ ಹೆಚ್ಚು ಪ್ರಾಮಾಣಿಕ ಚಿತ್ರ. ಆದರೂ ಚೆನ್ನಮ್ಮನ ತಾಳ್ಮೆ ಎಣಿಸಬಹುದಾದ ಗಂಟೆಗಳದ್ದು. ಆ ಪಾತ್ರಕ್ಕಾಗಿ ಅಮೃತಾ ಸುಭಾಷ್‌ಗೆ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಬಂತು, ಸರಿಯಾಗಿಯೇ ಬಂತು. ನನಗೆ ಮಾತ್ರ ಇರಾಳನ್ನು ಇನ್ನಷ್ಟು ಹೊತ್ತು ನೋಡಬೇಕಿತ್ತು: ಆನೆ ಬರದ, ಅಪ್ಪ ಎಲ್ಲಿಗೂ ಹೋಗದ, ಒಂದು ಮಾಮೂಲಿ ಮಂಗಳವಾರ.