ಕೋಷ್ಟಕದ ಲೆಕ್ಕ, ಬಾಣದ ಅಂದಾಜು

ಸರ್ವೆ ಆಫ್ ಇಂಡಿಯಾ ವರ್ಷವರ್ಷವೂ ಹೊರತರುವ ಭರತ-ಇಳಿತದ ಕೋಷ್ಟಕ ಓದಲು ಬಲು ನೀರಸ. ಬಂದರಿನ ಹೆಸರು, ತಾರೀಖು, ಗಂಟೆ-ನಿಮಿಷ, ಮೀಟರಿನಲ್ಲಿ ನೀರಿನ ಎತ್ತರ, ಅಷ್ಟೇ. ಆದರೂ ಕಡಲಿಗಿಳಿಯುವವರಿಗೆ ಸಿಗುವ ಕಾಗದಗಳಲ್ಲಿ ನಾನು ಮೊದಲು ನಂಬುವುದು ಇದನ್ನೇ. ಚಂದ್ರ-ಸೂರ್ಯರ ಸೆಳೆತವನ್ನು ವರ್ಷ ಮೊದಲೇ ಲೆಕ್ಕ ಹಾಕಿಡಬಹುದು. ಭಾರತದ ಬಂದರುಗಳ ಲೆಕ್ಕಕ್ಕೆಂದೇ ಲಂಡನ್ನಿನ ಇಂಡಿಯಾ ಆಫೀಸು 1879ರಲ್ಲಿ ರಾಟೆ, ಹಲ್ಲುಚಕ್ರಗಳ ಯಂತ್ರವೊಂದನ್ನು ಮಾಡಿಸಿತ್ತು. ಈಗ ಆ ಕೆಲಸ ಕಂಪ್ಯೂಟರಿನದು. ಗಣಿತ ಬಹುಮಟ್ಟಿಗೆ ಅದೇ.

ಎಡವಟ್ಟಾಗುವುದು ನಾವು ಕೋಷ್ಟಕಕ್ಕೆ ಕೇಳುವ ಪ್ರಶ್ನೆಯಲ್ಲಿ. ಕೋಷ್ಟಕ ನೀರಿನ ಎತ್ತರವನ್ನು ಹೇಳುತ್ತದೆ, ಹರಿವನ್ನಲ್ಲ. ಐದು ನದಿಗಳು ಕೂಡಿ ಕಡಲು ಸೇರುವ ಗಂಗೊಳ್ಳಿಯಂಥ ಅಳಿವೆ ಬಾಗಿಲಲ್ಲಿ ಈ ವ್ಯತ್ಯಾಸ ಜೀವಕ್ಕೆ ಸಂಬಂಧಿಸಿದ್ದು. ಹೊರಗೆ ಭರತ ತುಂಬಿದ ಗಳಿಗೆಗೇ ಅಳಿವೆಯ ಹರಿವೂ ನಿಲ್ಲಬೇಕೆಂದಿಲ್ಲ. ಮಳೆಗಾಲದಲ್ಲಂತೂ ನದಿಯ ಕೆಂಪು ನೀರು ತನ್ನ ಪಾಡಿಗೆ ಹೊರಕ್ಕೆ ನುಗ್ಗುತ್ತಿರುತ್ತದೆ. ಇಳಿತದ ಹರಿವಿಗೆ ಕಡಲಿನ ಅಲೆ ಎದುರಾದರೆ ಅದರ ಉದ್ದ ಕುಗ್ಗಿ, ಎತ್ತರ ಏರಿ, ಮರಳ ದಿಬ್ಬದ ಮೇಲೆ ಕಡಿದಾಗಿ ಒಡೆಯುತ್ತದೆ. ದೋಣಿ ಮಗುಚುವ ಜಾಗ ಅದು. ಆ ಹೊತ್ತಿಗೆ ಕೋಷ್ಟಕ ನೋಡಿದವನಿಗೆ ಆಳ ಇನ್ನೂ ಸಾಕಷ್ಟಿದೆ ಎಂದೇ ಅನ್ನಿಸುತ್ತದೆ.

ಮೇಲಾಗಿ ನಮ್ಮ ಕಡಲಿನ ಏರಿಳಿತ ಚಿಕ್ಕದು. ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ನೀರು 10 ಮೀಟರಿನಷ್ಟು ಏರಿಳಿದರೆ ಮಂಗಳೂರಿನಲ್ಲಿ ಹುಣ್ಣಿಮೆ-ಅಮಾವಾಸ್ಯೆಗಳ ಆಸುಪಾಸಿನಲ್ಲೂ ಸುಮಾರು 1.5 ಮೀಟರ್. ದಿನದ ಎರಡು ಭರತಗಳೂ ಸಮವಲ್ಲ. ಹಾಗಾಗಿ ವಿದೇಶಿ ಕೈಪಿಡಿಗಳು ಕಲಿಸುವ, ಏರಿಕೆಯನ್ನು ಹನ್ನೆರಡು ಪಾಲು ಮಾಡಿ ಗಂಟೆಗಂಟೆಗೆ ಹಂಚುವ ಸೂತ್ರ ಇಲ್ಲಿ ಒರಟು ಅಂದಾಜಷ್ಟೇ. ಏರಿಳಿತ ಚಿಕ್ಕದಾದಷ್ಟೂ ಗಾಳಿ ಮತ್ತು ಅಲೆಯ ಪಾಲು ದೊಡ್ಡದಾಗುತ್ತದೆ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲೆದ್ದ ಅಲೆ, ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುವುದುಂಟು. ಮಲಯಾಳಿಗಳ 'ಕಳ್ಳಕ್ಕಡಲ್' ಇದೇ. ಅದಕ್ಕೆ ಕೋಷ್ಟಕ ತಿರುವಿ ಫಲವಿಲ್ಲ, ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನ ಎಚ್ಚರಿಕೆಯನ್ನೇ ನೋಡಬೇಕು.

ನನ್ನ ನಿಜವಾದ ತಕರಾರು, ಕಡಲ ನೀರಿನ ತಿಂಗಳ ಸರಾಸರಿ ಹರಿವನ್ನು ಬಾಣಗಳಲ್ಲಿ ತೋರಿಸುವ ಪ್ರವಾಹದ ನಕ್ಷೆಯೊಂದಿಗೆ. ಮುಂಗಾರಿನಲ್ಲಿ ನಮ್ಮ ಕರಾವಳಿಯ ಪ್ರವಾಹ ತೆಂಕಣಕ್ಕೆ, ನವೆಂಬರಿನಿಂದ ಫೆಬ್ರವರಿವರೆಗೆ ಬಡಗಣಕ್ಕೆ. ಸರಾಸರಿಯಲ್ಲಿ ಇದು ಸರಿ. ಆದರೆ ದಿಕ್ಕು ಬದಲಾಗುವ ತಿಂಗಳಿನ ನಕ್ಷೆ ತೆರೆದು ನೋಡಿ: ಗಿಡ್ಡ ಬಾಣ. ನೀರು ನಿಂತಿದೆ ಎಂದು ಓದುವವನು ಮೋಸಹೋದ. ಒಂದು ವಾರ ಬಿರುಸಾಗಿ ಉತ್ತರಕ್ಕೆ, ಇನ್ನೊಂದು ವಾರ ಅಷ್ಟೇ ಬಿರುಸಾಗಿ ದಕ್ಷಿಣಕ್ಕೆ ಹರಿದರೂ ಕೂಡಿ ಕಳೆದಾಗ ಉಳಿಯುವುದು ಗಿಡ್ಡ ಬಾಣವೇ. ಹಡಗುಗಳು ಲೆಕ್ಕದ ದಾರಿಯಿಂದ ಎಷ್ಟು ಸರಿದವೆಂದು ಲಾಗ್‌ಬುಕ್ಕುಗಳಿಂದ ಹೆಕ್ಕಿ ಮಾಡಿದ ಹಳೆಯ ಅಟ್ಲಾಸುಗಳ ಹೂಚಿತ್ರ ಇದಕ್ಕಿಂತ ಪ್ರಾಮಾಣಿಕ. ಯಾವ ದಿಕ್ಕಿಗೆ ಎಷ್ಟು ಸಲ ಎಂಬುದನ್ನು ಎಸಳೆಸಳಾಗಿ ತೋರಿಸುತ್ತಿತ್ತು. ಇಂದಿನ ಮೊಬೈಲ್ ಆ್ಯಪ್‌ಗಳ ಓಡುವ ಬಣ್ಣದ ಗೆರೆಗಳು ಕಣ್ಣಿಗೆ ಸೊಗಸು, ನಿಜ. ಆದರೆ ಹಲವು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಲೆಕ್ಕಹಾಕಿದ ಮಾದರಿಯೊಂದು ದಡದ ಬಂಡೆಯ ಸುತ್ತಲಿನ ಸುಳಿಯನ್ನು ಹೇಗೆ ಹೇಳೀತು? ಭರತದ ಸಮಯ ಮತ್ತು ಪ್ರವಾಹದ ವೇಗ ಒಂದೇ ಪರದೆಯಲ್ಲಿ ಒಂದೇ ಅಕ್ಷರಗಳಲ್ಲಿ ಬಂದಾಗ ಲೆಕ್ಕ ಯಾವುದು, ಅಂದಾಜು ಯಾವುದು ಎಂಬ ಭೇದವೇ ಅಳಿಸಿಹೋಗುತ್ತದೆ.

ಅರ್ಧ ನಾಟ್ ವೇಗವೆಂದರೆ ತೀರಾ ಕಡಿಮೆ ಎನ್ನಿಸಬಹುದು. ಎಂಜಿನ್ ಕೆಟ್ಟ ದೋಣಿಯನ್ನು ಅದು 12 ಗಂಟೆಗಳಲ್ಲಿ 11 ಕಿಲೋಮೀಟರ್ ಎಳೆದೊಯ್ಯುತ್ತದೆ. ಬಾಣದ ದಿಕ್ಕು ತಪ್ಪಿದ್ದರೆ ಹುಡುಕಲು ಹೊರಟವರು ಅಷ್ಟೇ ದೂರ ಎದುರು ದಿಕ್ಕಿಗೆ ಹೋಗಿರುತ್ತಾರೆ.