ಅಭಿಮಾನಿಗಳ ಅಭಿಪ್ರಾಯವೂ ವಿಮರ್ಶೆಯೂ: ‘ಇವಾಂಜೆಲಿಯನ್’ ಚಿತ್ರಮಾಲೆಯನ್ನು ಕುರಿತು

೧

ಸ್ಟ್ರೀಮಿಂಗ್ ಮೂಲಕ ಮನೆಮನೆಗೆ ಬರುತ್ತಿರುವ ಅನಿಮೇಷನ್ ಚಿತ್ರಮಾಲೆಗಳನ್ನು ನೋಡಿದ ಅಭಿಮಾನಿಗಳು ಅವುಗಳ ವಿಷಯವಾಗಿ ತಮ್ಮತಮ್ಮೊಳಗೆ ನಡೆಸುವ ಚರ್ಚೆಯನ್ನು ವಿಮರ್ಶೆಯೆಂದು ಕರೆಯಬಹುದೇ? ಸಾಹಿತ್ಯದ ಅಧ್ಯಾಪಕರು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಅದು ಹುಡುಗರ ಹರಟೆ ಎಂಬುದೇ ಅವರ ಎಣಿಕೆ. ಬಹುಕಾಲ ನಮ್ಮ ಎಣಿಕೆಯೂ ಅದೇ ಆಗಿತ್ತು. ಆದರೆ ತರಗತಿಯಲ್ಲಿ ಕಾವ್ಯದ ವಿಷಯವಾಗಿ ಬಾಯಿ ಬಿಡದ ವಿದ್ಯಾರ್ಥಿಯೇ ಹೊರಗೆ ಒಂದು ಚಿತ್ರಮಾಲೆಯ ಕೊನೆಯ ಕಂತನ್ನು ಕುರಿತು ಗಂಟೆಗಟ್ಟಲೆ ವಾದಿಸಬಲ್ಲನು. ಆ ವಾದದಲ್ಲಿ ವಿವೇಕವೆಷ್ಟು, ಆವೇಶವೆಷ್ಟು ಎಂಬುದನ್ನು ತೂಗಿ ನೋಡುವುದು ನಮ್ಮ ಕರ್ತವ್ಯವೇ ಆಗಿದೆ. ಇದಕ್ಕಾಗಿ ಜಪಾನಿನ ‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ ಎಂಬ ಮಾಲೆಯ ಸುತ್ತ ಎದ್ದ ಎರಡು ವಿವಾದಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

೨

ಹಿದೆಯಾಕಿ ಆನ್ನೊ ಅವರು ನಿರ್ದೇಶಿಸಿದ ಈ ಮಾಲೆಯ ೨೬ ಕಂತುಗಳು ೧೯೯೫ರ ಅಕ್ಟೋಬರಿನಿಂದ ೧೯೯೬ರ ಮಾರ್ಚಿಯವರೆಗೆ ವಾರಕ್ಕೊಂದರಂತೆ ಜಪಾನಿನ ಟೆಲಿವಿಷನ್‌ನಲ್ಲಿ ಪ್ರಸಾರವಾದುವು. ತಂದೆಯಿಂದ ದೂರವಾಗಿ ಬೆಳೆದ ಹದಿನಾಲ್ಕು ವರ್ಷದ ಶಿಂಜಿ ಎಂಬ ಬಾಲಕನನ್ನು ಅದೇ ತಂದೆ ಕರೆಸಿಕೊಂಡು, ದೈತ್ಯಾಕಾರದ ಯಂತ್ರವೊಂದರೊಳಗೆ ಕೂರಿಸಿ, ‘ದೇವದೂತ’ರೆಂಬ ಹೆಸರಿನ ಶತ್ರುಗಳೊಡನೆ ಹೋರಾಡಿಸುವುದು ಕಥೆಯ ಹೊರಮೈ. ಕೊನೆಯ ಎರಡು ಕಂತುಗಳಲ್ಲಿ ಕರ್ತೃ ಈ ಹೊರಮೈಯನ್ನೇ ಬದಿಗಿರಿಸಿದರು. ಯುದ್ಧದ ಫಲವೇನಾಯಿತೆಂಬುದು ಅಲ್ಲಿಲ್ಲ. ಸ್ಥಿರಚಿತ್ರಗಳು, ತೆರೆಯ ಮೇಲೆ ಮೂಡುವ ಅಕ್ಷರಗಳು, ಬಾಲಕನ ಅಂತರಂಗಕ್ಕೆ ಹಾಕಿದ ಪ್ರಶ್ನೆಗಳು, ಇವಿಷ್ಟೇ ಇವೆ.

ಆರು ತಿಂಗಳು ಕಾದಿದ್ದ ಪ್ರೇಕ್ಷಕರಲ್ಲಿ ಅನೇಕರು ಕುಪಿತರಾದರು. ಕೆಲವರು ಇದೇ ಸರಿಯಾದ ಮುಕ್ತಾಯವೆಂದರು. ೧೯೯೭ರ ಜುಲೈಯಲ್ಲಿ ‘ದಿ ಎಂಡ್ ಆಫ್ ಇವಾಂಜೆಲಿಯನ್’ ಎಂಬ ಚಲನಚಿತ್ರ ಹೊರಬಂದು ಬೇರೊಂದು ಮುಕ್ತಾಯವನ್ನು ಕೊಟ್ಟಿತು. ಇದನ್ನು ಅಭಿಮಾನಿಗಳ ಜಯವೆಂದು ಎಣಿಸುವುದು ಆತುರದ ಮಾತಾದೀತು. ಅವರು ಕೇಳಿದ ಹೊರಗಿನ ಕಥೆ ಅಲ್ಲಿ ಪೂರ್ಣವಾಗುತ್ತದೆ, ನಿಜ. ಆದರೆ ಅದೇ ಚಿತ್ರದ ನಡುವೆ ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕರ ನೈಜ ದೃಶ್ಯ ಬರುತ್ತದೆ. ಪ್ರೇಕ್ಷಕರು ಬರೆದ ಮಾತುಗಳು ಕ್ಷಣಮಾತ್ರ ಮಿಂಚಿ ಮಾಯವಾಗುತ್ತವೆ. ನೋಡಬಂದವನು ತಾನೇ ತೆರೆಯ ಮೇಲೆ ಕುಳಿತಿರುವುದನ್ನು ಕಾಣಬೇಕಾಗುತ್ತದೆ.

ಅಭಿನವಗುಪ್ತನು ರಸಾಸ್ವಾದಕ್ಕೆ ಒದಗುವ ಏಳು ವಿಘ್ನಗಳನ್ನು ಹೇಳಿದ್ದಾನೆ. ‘ನಿಜಸುಖಾದಿವಿವಶೀಭಾವ’ವೆಂಬುದು ಅವುಗಳಲ್ಲೊಂದು: ಪ್ರೇಕ್ಷಕನು ತನ್ನ ಸುಖದುಃಖಗಳಿಗೆ ತಾನೇ ವಶನಾಗಿ ಎದುರಿನ ಕೃತಿಯನ್ನು ಕಾಣದೆ ಹೋಗುವುದು. ೧೯೯೬ರ ಕೋಪದಲ್ಲಿ ಈ ವಿಘ್ನದ ಪಾಲು ದೊಡ್ಡದಾಗಿತ್ತೆಂದು ನಮಗೆ ತೋರುತ್ತದೆ. ತಮಗೆ ಬೇಕಾದ ಮುಕ್ತಾಯ ಸಿಗಲಿಲ್ಲವೆಂಬುದು ಆಶಾಭಂಗ, ಅದು ದೋಷನಿರೂಪಣೆಯಲ್ಲ. ಬಾಲಕನ ಭಯಸಂಶಯಗಳೇ ಕಥೆಯ ತಿರುಳೆಂಬುದಕ್ಕೆ ಮೊದಲ ಕಂತಿನಿಂದಲೂ ಆಧಾರಗಳಿವೆ. ಮುಕ್ತಾಯವನ್ನು ನಿರಾಕರಿಸುವವರು ಆ ಆಧಾರಗಳಿಗೆ ಉತ್ತರ ಹೇಳಬೇಕಾಗಿತ್ತು.

೩

ಎರಡನೆಯ ವಿವಾದ ಇದಕ್ಕಿಂತ ಸೂಕ್ಷ್ಮವಾದುದು. ೨೦೧೯ರ ಜೂನ್ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆ ಇಡೀ ಮಾಲೆಯನ್ನು ಒಂದೇ ದಿನ ಅನೇಕ ದೇಶಗಳಲ್ಲಿ ಬಿಡುಗಡೆ ಮಾಡಿತು. ಇಂಗ್ಲಿಷ್ ಅನುವಾದ ಹೊಸದು, ಇಂಗ್ಲಿಷಿನಲ್ಲಿ ಮಾತಾಡಿದ ಕಲಾವಿದರೂ ಹೊಸಬರು. ಪ್ರತಿ ಕಂತಿನ ಕೊನೆಗೆ ಬರುತ್ತಿದ್ದ ‘ಫ್ಲೈ ಮಿ ಟು ದ ಮೂನ್’ ಎಂಬ ಹಾಡು ಜಪಾನಿನ ಹೊರಗೆ ಬಹುತೇಕ ಕಡೆ ಮಾಯವಾಗಿ ಪಿಯಾನೊ ವಾದನ ಅದರ ಜಾಗಕ್ಕೆ ಬಂದಿತು. ಹಾಡಿನ ವಿಷಯದಲ್ಲಿ ಅಭಿಮಾನಿಗಳ ದೂರು ನ್ಯಾಯವಾದುದೇ. ಅದು ಕೃತಿಯ ಅಂಗವಾಗಿತ್ತು.

ಹೆಚ್ಚಿನ ಗದ್ದಲ ಎದ್ದುದು ೨೪ನೆಯ ಕಂತಿನ ಒಂದು ಮಾತಿಗೆ. ಕಾವೊರು ಎಂಬ ಹುಡುಗ ಶಿಂಜಿಗೆ, ನೀನು ‘ಕೋಇ’ಗೆ ಅರ್ಹ ಎನ್ನುತ್ತಾನೆ. ಹಾಗೆಂದರೇನೆಂದು ಶಿಂಜಿ ಕೇಳಿದಾಗ, ‘ಸುಕಿ’ ಎಂದರ್ಥ ಎಂದು ಬಿಡಿಸಿ ಹೇಳುತ್ತಾನೆ. ೧೯೯೦ರ ದಶಕದ ವಿಡಿಯೊ ಕ್ಯಾಸೆಟ್ಟುಗಳ ಅನುವಾದದಲ್ಲಿ ಇದು ‘ಲವ್’ ಆಗಿತ್ತು. ಹೊಸದರಲ್ಲಿ ‘ಲೈಕ್’ ಆಯಿತು. ಒಬ್ಬ ಹುಡುಗ ಇನ್ನೊಬ್ಬನಲ್ಲಿಟ್ಟ ಪ್ರೇಮವನ್ನು ಮರೆಮಾಚಿದ್ದಾರೆಂದು ಒಂದು ಪಕ್ಷ ಹೇಳಿತು. ‘ಸುಕಿ’ ಪದಕ್ಕೆ ಎರಡರ್ಥವೂ ಉಂಟು, ಆ ಅಸ್ಪಷ್ಟತೆಯನ್ನು ಉಳಿಸಬೇಕೆಂದು ಇನ್ನೊಂದು ಪಕ್ಷ ಹೇಳಿತು.

ಮೊದಲನೆಯ ಪಕ್ಷದಲ್ಲಿ ಅನೇಕರು ಹೊಸ ಅನುವಾದವನ್ನು ಅಳೆದುದು ಮೂಲದಿಂದಲ್ಲ, ತಾವು ಬಾಲ್ಯದಲ್ಲಿ ಕಂಡ ಹಳೆಯ ಅನುವಾದದಿಂದ. ಬಳಕೆಯಿಂದ ಅದೇ ಅವರಿಗೆ ಮೂಲವಾಗಿಬಿಟ್ಟಿತ್ತು. ಇದು ವಾದದ ದೌರ್ಬಲ್ಯ. ಎರಡನೆಯ ಪಕ್ಷ ನಿಘಂಟನ್ನು ನೋಡಿತು, ಸಂದರ್ಭವನ್ನು ನೋಡಲಿಲ್ಲ. ‘ಕೋಇ’ ಗ್ರಾಂಥಿಕ ಪದ, ‘ಸುಕಿ’ ಮನೆಮಾತಿನದು. ಬರೆಹದಲ್ಲಿ ಎರಡಕ್ಕೂ ಒಂದೇ ಚೀನೀ ಲಿಪಿಚಿಹ್ನೆ ಬರುತ್ತದೆ. ದೂರದ ಪದವೊಂದು ಹತ್ತಿರ ಬಂದು ನಿಲ್ಲುವುದೇ ಇಲ್ಲಿಯ ಸೊಗಸು. ಮುಂದೆ ಅದೇ ಕಂತಿನಲ್ಲಿ, ಕಾವೊರುವನ್ನು ತನ್ನ ಕೈಯಿಂದಲೇ ಕೊಂದ ಬಳಿಕ, ಶಿಂಜಿ ಮಿಸಾಟೊಗೆ ಹೇಳುವ ಮಾತಿದೆ: ಅವನು ನನಗೆ ‘ಸುಕಿ’ ಎಂದ, ಯಾರೂ ಹಾಗೆ ಹೇಳಿದ್ದು ಅದೇ ಮೊದಲು. ಅನುವಾದಕನು ಆರಿಸುವ ಪದ ಮೊದಲ ಸ್ಥಳದಲ್ಲಿ ಹಗುರವಾಗಿಯೂ ಎರಡನೆಯ ಸ್ಥಳದಲ್ಲಿ ಒಂದು ಬಾಳಿನ ಹಸಿವನ್ನೆಲ್ಲ ಹೊರುವಷ್ಟು ಬಲವಾಗಿಯೂ ಇರಬೇಕು. ‘ಲೈಕ್’ ಆ ಭಾರಕ್ಕೆ ಕುಸಿಯುತ್ತದೆ. ಇದು ಅಭಿನವಗುಪ್ತನು ಹೇಳುವ ‘ಪ್ರತೀತ್ಯುಪಾಯವೈಕಲ್ಯ’, ಅಂದರೆ ಅರಿವಿಗೆ ಸಾಧನವಾದುದರಲ್ಲಿಯೇ ಇರುವ ಊನ. ಆದುದರಿಂದ ಮೊದಲನೆಯ ಪಕ್ಷದ ತೀರ್ಮಾನ ಸರಿ, ಅದಕ್ಕೆ ಕೊಟ್ಟ ಕಾರಣ ಸಾಲದು ಎಂಬುದು ನಮ್ಮ ಮತ.

ಕನ್ನಡದಲ್ಲಿ ಈ ತೊಡಕು ಅಷ್ಟಾಗಿ ಇಲ್ಲವೆಂಬುದು ಗಮನಾರ್ಹ. ‘ನೀನಂದರೆ ನನಗೆ ಇಷ್ಟ’ ಎಂಬ ಮಾತು ಸ್ನೇಹಕ್ಕೂ ಸಲ್ಲುತ್ತದೆ, ಪ್ರೇಮಕ್ಕೂ ಸಲ್ಲುತ್ತದೆ. ಹೇಳಿದವನ ಮನಸ್ಸನ್ನು ಕೇಳಿದವನೇ ಊಹಿಸಬೇಕು. ‘ಪ್ರೀತಿಪಾತ್ರ’ ಎಂಬುದನ್ನು ‘ಅಂದರೆ, ಇಷ್ಟ’ ಎಂದು ಬಿಡಿಸಿದರೆ ಮೂಲದ ನಡೆ ಬಹುಮಟ್ಟಿಗೆ ಉಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ಬಹುಮಟ್ಟಿಗೆ ಇಂಗ್ಲಿಷ್ ಸಬ್‌ಟೈಟಲುಗಳ ಮೂಲಕವೇ ಜಪಾನೀ ಕೃತಿಗಳನ್ನು ನೋಡುತ್ತಾರಾಗಿ, ಇಂಗ್ಲಿಷಿನ ಇಕ್ಕಟ್ಟನ್ನೇ ಮೂಲದ ಇಕ್ಕಟ್ಟೆಂದು ತಿಳಿಯುವ ಅಪಾಯವಿದೆ.

೪

ಈ ಎರಡು ವಿವಾದಗಳಿಂದ ತಿಳಿಯುವುದೇನು? ಅಭಿಮಾನ ತಾನೇ ವಿಮರ್ಶೆಯಲ್ಲ. ಆದರೆ ಒಂದೇ ಕಂತನ್ನು ಹತ್ತು ಸಲ ನೋಡಿ, ಒಂದು ಪದ ಬದಲಾದುದನ್ನು ಕಂಡು ಕಳವಳಗೊಳ್ಳುವ ಶ್ರದ್ಧೆ ವಿಮರ್ಶೆಯ ಮೊದಲ ಮೆಟ್ಟಿಲು. ಪಂಪನ ಪದ್ಯವೊಂದರ ಪಾಠಾಂತರವನ್ನು ಕುರಿತು ನಾವು ವಿದ್ಯಾರ್ಥಿಗಳಿಂದ ಬಯಸುವುದೂ ಇದೇ ಶ್ರದ್ಧೆಯನ್ನಲ್ಲವೆ? ಅದು ಅವರಲ್ಲಿ ಇಲ್ಲವೆಂದು ದೂರುತ್ತಿದ್ದ ನಾವು ಅದು ಇರುವ ಕಡೆ ನೋಡಲಿಲ್ಲ. ಅವರಿಗೆ ಒದಗಿಸಬೇಕಾದುದು ಮೂಲವನ್ನು ವಿಚಾರಿಸುವ ಅಭ್ಯಾಸ, ಸಂದರ್ಭವನ್ನು ಕೂಡಿಸಿ ಓದುವ ತಾಳ್ಮೆ, ತಮ್ಮ ಆಶಾಭಂಗವನ್ನು ಕೃತಿಯ ದೋಷದಿಂದ ಬೇರ್ಪಡಿಸುವ ವಿವೇಕ. ಇವು ನಮ್ಮ ಶಾಸ್ತ್ರದಲ್ಲಿ ಇವೆ. ಅವನ್ನು ವಿದ್ಯಾರ್ಥಿಯ ಪ್ರೀತಿಯ ವಸ್ತುವಿಗೇ ಅನ್ವಯಿಸಿ ತೋರಿಸಿದರೆ, ಅವನು ಅವನ್ನು ಹಿಡಿದುಕೊಂಡು ಕಾವ್ಯದ ಕಡೆಗೂ ಬಂದಾನೆಂಬುದು ನಮ್ಮ ನಂಬಿಕೆ.