ಬೇದಿಯವರ ‘ಕ್ವಾರಂಟೈನ್’: ಹಾರ ಯಾರ ಕೊರಳಿಗೆ?

ಉರ್ದು ಕಥೆಗಾರ ರಾಜಿಂದರ್ ಸಿಂಗ್ ಬೇದಿಯವರ ಮೊದಲ ಸಂಕಲನ ‘ದಾನಾ ಓ ದಾಮ್’ನಲ್ಲಿ ‘ಕ್ವಾರಂಟೈನ್’ ಎಂಬ ಕಥೆಯಿದೆ. 2020ರಲ್ಲಿ ಕೊರೊನಾ ಬಂದು ಈ ಶಬ್ದ ನಮ್ಮ ಹಳ್ಳಿಗಳಲ್ಲೂ ಮನೆಮಾತಾದಾಗ ಅನೇಕರು ಅದನ್ನು ಮತ್ತೆ ಓದಿದರು. ಓದಿದವರು ಹೆಚ್ಚಾಗಿ ಕೊಂಡಾಡಿದ್ದು ಅದರಲ್ಲಿ ಬರುವ ಜಾಡಮಾಲಿ ಭಾಗುವಿನ ತ್ಯಾಗವನ್ನು. ಕಥೆ ಹೇಳುವುದು ಅಷ್ಟನ್ನೇ ಅಲ್ಲ.

ಕಥೆಯನ್ನು ಹೇಳುವವನು ಡಾಕ್ಟರ್ ಬಕ್ಷಿ. ಊರಿಗೆ ಪ್ಲೇಗು ಬಂದಿದೆ. ಜನರಿಗೆ ಪ್ಲೇಗಿಗಿಂತ ಕ್ವಾರಂಟೈನಿನ ಭಯವೇ ಹೆಚ್ಚು. ಅಲ್ಲಿ ಅಕ್ಕಪಕ್ಕದವರ ಸಾವನ್ನು ಕಂಡೇ ರೋಗಿಗಳು ಎದೆಗೆಡುತ್ತಾರೆ. ಹೀಗಾಗಿ ಕಾಯಿಲೆಯನ್ನು ಮನೆಯವರು ಬಚ್ಚಿಡುತ್ತಾರೆ. ಶವ ಹೊರಗೆ ಬಂದಾಗಲೇ ಸುದ್ದಿ ತಿಳಿಯುವುದು. ಡಾಕ್ಟರು ಅಂಜುತ್ತಲೇ ಕರ್ತವ್ಯ ಮಾಡಿದರೆ, ಭಾಗು ಅಂಜಿಕೆಯಿಲ್ಲದೆ ರೋಗಿಗಳ ಸೇವೆಗೆ ನಿಲ್ಲುತ್ತಾನೆ. ಅವನ ಹೆಂಡತಿಯೂ ರೋಗಕ್ಕೆ ಬಲಿಯಾಗುತ್ತಾಳೆ. ಕೊನೆಗೆ ಸನ್ಮಾನವಾಗುವುದು ಡಾಕ್ಟರಿಗೆ. ಅಭಿನಂದನೆ ಹೇಳಲು ಬರುವವನು ಭಾಗು.

ಬೇದಿಯವರ ಒಳನೋಟ ಇಲ್ಲಿದೆ: ಜನರ ನಂಬಿಕೆ ಗಳಿಸದ ಕ್ರಮ ರೋಗವನ್ನು ತಡೆಯುವುದಿಲ್ಲ, ಮುಚ್ಚಿಡುವಂತೆ ಮಾಡುತ್ತದೆ. ಪ್ಲೇಗು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ ಬರುವುದು. ಕೊರೊನಾ ಉಸಿರಿನಿಂದಲೇ ಹರಡುವ ರೋಗ. ಹಾಗಾಗಿ ಇಲ್ಲಿ ಬಚ್ಚಿಟ್ಟುಕೊಂಡ ರೋಗಿಯಿಂದ ಅಪಾಯ ಇನ್ನೂ ಹೆಚ್ಚು. ಮಾಸ್ಕು, ಗಾಳಿಯಾಡುವ ಕೋಣೆ, ರೋಗಿಯನ್ನೂ ಸೋಂಕಿನ ಶಂಕೆಯಿರುವವರನ್ನೂ ಬೇರೆ ಬೇರೆ ಇಡುವುದು, ಇವೆಲ್ಲ ಬೇಕೇ ಬೇಕು. ಆದರೆ ಜನ ತಾವಾಗಿ ಮುಂದೆ ಬಂದರೆ ಮಾತ್ರ ಇವು ಫಲ ಕೊಡುತ್ತವೆ.

ನಾವು ಮಾಡಿದ್ದೇನು? ಪ್ಲೇಗಿನ ಕಾಲದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲೂ ಕೈಗೆತ್ತಿಕೊಂಡೆವು. ಕರ್ನಾಟಕದಲ್ಲಿ ಕೈಮೇಲೆ ಮುದ್ರೆ ಒತ್ತಿದರು, ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ಬಹಿರಂಗಪಡಿಸಿದರು. ನಿಜಾಮುದ್ದೀನ್ ಪ್ರಕರಣದ ನಂತರ ಕೆಲವು ವಾಹಿನಿಗಳು ರೋಗಕ್ಕೆ ಧರ್ಮವನ್ನೂ ಅಂಟಿಸಿದವು. ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ, ಜನರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಬಂದಾಗ ಗಲಭೆಯಾಯಿತು. ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡುವುದನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು. ಆದರೆ ಆ ಭಯ ಹುಟ್ಟಿದ್ದು ಹೇಗೆಂದು ಕೇಳದಿದ್ದರೆ ಮುಂದಿನ ರೋಗಕ್ಕೂ ನಾವು ಸಿದ್ಧರಾಗುವುದಿಲ್ಲ.

ಕಥೆಯ ದೌರ್ಬಲ್ಯವನ್ನೂ ಹೇಳಬೇಕು. ಬೇದಿ ಭಾಗುವನ್ನು ಸಂತನನ್ನಾಗಿ ಮಾಡಿಬಿಡುತ್ತಾರೆ. ಅವನು ದೂರುವುದಿಲ್ಲ, ಏನನ್ನೂ ಕೇಳುವುದಿಲ್ಲ. ಅವನ ಕೂಲಿ ಎಷ್ಟು, ಅವನ ಹೆಂಡತಿಗೆ ಔಷಧ ಸಿಗುವ ಹಕ್ಕಿತ್ತೇ ಎಂಬ ಪ್ರಶ್ನೆಗಳು ಕಥೆಯ ಕೇಂದ್ರಕ್ಕೆ ಬರುವುದೇ ಇಲ್ಲ. ಕೊನೆಯಲ್ಲಿ ಉಳಿಯುವುದು ಡಾಕ್ಟರನ ನಾಚಿಕೆ. ಓದುಗನೂ ಅದರಲ್ಲೇ ಪಾಲು ಪಡೆದು, ಹಗುರಾಗಿ ಪುಸ್ತಕ ಮುಚ್ಚಬಹುದು.

ನಾವೂ ಹಾಗೆಯೇ ಮಾಡಿದೆವು. 2020ರ ಮಾರ್ಚ್ 22ರಂದು ತಟ್ಟೆ ಬಡಿದೆವು, ಮೇ 3ರಂದು ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಯಿತು. ಮನೆಮನೆ ಸುತ್ತಿ ರೋಗಿಗಳನ್ನು ಗುರುತಿಸಿದ ನಮ್ಮ ಆಶಾ ಕಾರ್ಯಕರ್ತೆಯರು ಅದೇ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು.

ಬೇದಿಯವರ ಭಾಗು ಕೇಳದೆ ಉಳಿಸಿದ ಪ್ರಶ್ನೆಯನ್ನು ಈ ಹೆಣ್ಣುಮಕ್ಕಳು ಕೇಳಿದ್ದಾರೆ. ಕಥೆಯನ್ನು ಈಗ ಓದುವವರು ಅದಕ್ಕೂ ಕಿವಿಗೊಡಬೇಕು.